ಬಾಚಿ ಮತ್ತು ಅದರ ಕಾವು: ಒಂದು ಸಣ್ಣ ಹತಾರದ ಹಿಂದಿನ ಲೆಕ್ಕ

ನೇಗಿಲು ಕೆತ್ತಲು ಬಾಚಿ, ನೊಗ ಸವರಲು ಬಾಚಿ, ಗೂಟ ಚೂಪು ಮಾಡಲು, ಬೆಣೆ ಬಡಿಯಲು, ಮೊಳೆ ಹೊಡೆಯಲು, ಮರಿಗೆ ಎಂಬ ಮರದ ಬೋಗುಣಿ ತೋಡಲು ಕೂಡ ಬಾಚಿಯೇ. ಹಳ್ಳಿಯ ಆಚಾರಿಯ ಚೀಲದಲ್ಲಿ ಗರಗಸ, ಉಳಿ, ಕೀಸುಳಿ ಎಲ್ಲ ಇದ್ದರೂ ಕೆಲಸದ ಮೊದಲ ಅರ್ಧ ಸಾಮಾನ್ಯವಾಗಿ ಈ ಒಂದು ಮೊಳಕ್ಕಿಂತ ಗಿಡ್ಡವಾದ ಹತಾರದಿಂದಲೇ ಮುಗಿಯುತ್ತಿತ್ತು. ಈಗ ಮನೆಯಲ್ಲೇ ಮರಗೆಲಸ ಕಲಿಯುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಕೆಲವರು ಕಮ್ಮಾರರ ಬಳಿ ಹೋಗಿ ತಮ್ಮದೇ ಬಾಚಿ ಮಾಡಿಸಿಕೊಳ್ಳುತ್ತಿದ್ದಾರೆ. ಅವರೆಲ್ಲ ಮೊದಲು ಕೇಳುವುದು ಯಾವ ಕಬ್ಬಿಣ ಒಳ್ಳೆಯದು ಎಂದು. ಕೇಳಬೇಕಾದ್ದೇ. ಆದರೆ ನಾನು ಕಂಡ ಮಟ್ಟಿಗೆ ಬಾಚಿ ಕೆಡುವುದು ಕಬ್ಬಿಣದಿಂದ ಕಡಿಮೆ, ಕಾವಿನಿಂದ, ಅಂದರೆ ಮರದ ಹಿಡಿಯಿಂದ, ಹೆಚ್ಚು. ಒಳ್ಳೆಯ ಉಕ್ಕಿಗೆ ತಪ್ಪು ಕೋನದಲ್ಲಿ ಕಾವು ಹಾಕಿದರೆ ಅದು ಕೈಗೂ ಮರಕ್ಕೂ ಶಿಕ್ಷೆ. ಸಾಧಾರಣ ಉಕ್ಕಿಗೆ ಸರಿಯಾದ ಕೋನ ಸಿಕ್ಕರೆ ಅದು ದಿನವಿಡೀ ಬೇಸರವಿಲ್ಲದೆ ದುಡಿಯುತ್ತದೆ. ಆದ್ದರಿಂದ ಕಬ್ಬಿಣದ ವಿಷಯ ಆಮೇಲೆ ನೋಡೋಣ. ಮೊದಲು ಕೋನ.

ಕೊಡಲಿಯ ಬಾಯಿ, ಅಂದರೆ ಕತ್ತರಿಸುವ ಅಂಚು, ಕಾವಿನ ಉದ್ದಕ್ಕೇ ಸಾಗುತ್ತದೆ. ಬಾಚಿಯದು ಕಾವಿಗೆ ಅಡ್ಡ, ಗುದ್ದಲಿಯ ಹಾಗೆ. ಅಲಗು ಕಾವಿನ ತುದಿಯಿಂದ ಕೆಳಗಿಳಿದು ಹಿಡಿದವನ ಕಡೆಗೆ ಸ್ವಲ್ಪ ಬಾಗಿರುತ್ತದೆ. ಅಲಗಿನ ಎರಡು ಮೈಗಳಲ್ಲಿ ಕಾವಿನ ಕಡೆಗಿರುವುದು ಒಳಮೈ, ಆಚೆಗಿರುವುದು ಹೊರಮೈ. ಕೆತ್ತುವಾಗ ಮರದ ಮೇಲೆ ಸವರಿಕೊಂಡು ಬರುವುದು ಹೊರಮೈ. ಚಕ್ಕೆ ಏಳುವುದು ಒಳಮೈಯ ಮೇಲೆ. ಇದಿಷ್ಟು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ಕೋನದ ಲೆಕ್ಕ

ಬೀಸಿದ ಬಾಚಿಯ ಬಾಯಿ ನೇರ ಗೆರೆಯಲ್ಲಿ ಹೋಗುವುದಿಲ್ಲ, ಕಮಾನಿನಲ್ಲಿ ಹೋಗುತ್ತದೆ. ಆ ಕಮಾನಿನ ಕೇಂದ್ರ ಒಮ್ಮೆ ಮಣಿಕಟ್ಟು, ಒಮ್ಮೆ ಮೊಣಕೈ. ಹೆಚ್ಚಿನ ಏಟುಗಳಲ್ಲಿ ಎರಡೂ ಕೂಡಿರುತ್ತವೆ. ಬಾಯಿ ಮರಕ್ಕೆ ತಾಗುವ ಕ್ಷಣದಲ್ಲಿ ಅದು ಸಾಗುತ್ತಿರುವ ದಿಕ್ಕಿಗೂ ಅಲಗಿನ ಹೊರಮೈಗೂ ನಡುವೆ ಎಷ್ಟು ಓರೆ ಇದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಇದನ್ನು ಕಚ್ಚುವ ಕೋನ ಎಂದುಕೊಳ್ಳೋಣ. ಅದು ಹೆಚ್ಚಾದರೆ ಬಾಯಿ ಮರದೊಳಗೆ ಹೂತುಕೊಂಡು ನಿಲ್ಲುತ್ತದೆ, ಪ್ರತಿ ಏಟಿಗೂ ಕಿತ್ತು ತೆಗೆಯಬೇಕು. ಸೊನ್ನೆಗಿಂತ ಕೆಳಗಿಳಿದರೆ ಬಾಯಿಗಿಂತ ಮೊದಲು ಹೊರಮೈ ಮರಕ್ಕೆ ಬಡಿದು ಬಾಚಿ ಜಾರುತ್ತದೆ. ಜಾರಿದ ಬಾಚಿ ಬರುವುದು ನಿಮ್ಮ ಮೊಣಕಾಲಿನ ಕಡೆಗೇ.

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಕಾವಿನಿಂದ ಬಾಯಿಯವರೆಗೆ ಅಲಗಿನ ಉದ್ದ 11 ಸೆಂ.ಮೀ., ಅಲಗಿಗೂ ಕಾವಿಗೂ ನಡುವಿನ ಕೋನ 80 ಡಿಗ್ರಿ ಇರಲಿ. ಕಬ್ಬಿಣದಿಂದ 22 ಸೆಂ.ಮೀ. ದೂರದಲ್ಲಿ ಹಿಡಿದು ಬರೀ ಮಣಿಕಟ್ಟಿನಿಂದ ಬೀಸಿದರೆ ಕಚ್ಚುವ ಕೋನ ಸುಮಾರು 18 ಡಿಗ್ರಿ ಬರುತ್ತದೆ. ಮಣಿಕಟ್ಟು ಬಿಗಿಹಿಡಿದು ಮೊಣಕೈಯಿಂದಲೇ ಬೀಸಿದರೆ, ಅಂದರೆ ಕೇಂದ್ರ ಕಬ್ಬಿಣದಿಂದ ಸುಮಾರು 55 ಸೆಂ.ಮೀ. ದೂರಕ್ಕೆ ಹೋದರೆ, ಅದು ಒಂದೂವರೆ ಡಿಗ್ರಿಗೆ ಇಳಿಯುತ್ತದೆ. ಎರಡೂ ಕೂಡಿದ ಸಹಜ ಬೀಸಿನಲ್ಲಿ ಕೋನ 10 ಡಿಗ್ರಿಯ ಆಸುಪಾಸು ನಿಲ್ಲುತ್ತದೆ. ಚಪ್ಪಟೆ ಕೆತ್ತನೆಗೆ ಬೇಕಾದ್ದು ಇದೇ. ಇನ್ನು ಕೈಯನ್ನು ಮೇಲೆ ಸರಿಸಿ ಕಬ್ಬಿಣದಿಂದ 10 ಸೆಂ.ಮೀ.ನಲ್ಲಿ ಹಿಡಿದು ಮಣಿಕಟ್ಟು ತಿರುಗಿಸಿದರೆ ಕೋನ 43 ಡಿಗ್ರಿಗೆ ಏರುತ್ತದೆ. ಚಪ್ಪಟೆ ಮಾಡಲು ಇದು ಕೆಲಸಕ್ಕೆ ಬಾರದು, ಆದರೆ ಮರಿಗೆಯ ಹೊಟ್ಟೆ ತೋಡಲು, ಗಂಟಿನ ಸುತ್ತ ಚಿಕ್ಕ ಚಿಕ್ಕ ಚಕ್ಕೆ ಎಬ್ಬಿಸಲು ಹೇಳಿಮಾಡಿಸಿದಂತಿದೆ. ಒಂದೇ ಹತಾರ ಹಲವು ಕೆಲಸ ಮಾಡುವ ಗುಟ್ಟು ಇಲ್ಲಿದೆ: ಕೈ ಸರಿದಂತೆ ಕೋನ ಬದಲಾಗುತ್ತದೆ.

ಅದೇ ಅಲಗನ್ನು 70 ಡಿಗ್ರಿಗೆ ಮುಚ್ಚಿದರೆ ಏನಾಗುತ್ತದೆ ನೋಡಿ. ಮಣಿಕಟ್ಟಿನ ಬೀಸಿಗೆ ಇನ್ನೂ ಒಂಬತ್ತೂವರೆ ಡಿಗ್ರಿ ಉಳಿಯುತ್ತದೆ, ಆದರೆ ಮೊಣಕೈ ಬೀಸಿನಲ್ಲಿ ಕೋನ ಸೊನ್ನೆಗಿಂತ ಎಂಟೂವರೆ ಡಿಗ್ರಿ ಕೆಳಗೆ ಹೋಗುತ್ತದೆ. ಅಂದರೆ ಜೋರಾಗಿ ಹೊಡೆದಷ್ಟೂ ಜಾರುತ್ತದೆ. 90 ಡಿಗ್ರಿಗೆ ತೆರೆದರೆ ಮಣಿಕಟ್ಟಿನ ಬೀಸಿನಲ್ಲಿ 26 ಡಿಗ್ರಿ ದಾಟಿ, ಹೂತುಕೊಳ್ಳುವ ಚಾಳಿ ಶುರುವಾಗುತ್ತದೆ. ಗಿಡ್ಡ ಕಾವಿನ ಬಾಚಿಗೆ 80ರ ಆಸುಪಾಸು ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಅಲಗು ನೆಟ್ಟಗಿರದೆ ಒಳಕ್ಕೆ ತುಸು ಬಾಗಿರಬೇಕು ಎನ್ನುವುದೂ ಇದೇ ಲೆಕ್ಕದಿಂದ ಬಂದದ್ದು. ಬಾಯಿ ಕಮಾನಿನಲ್ಲಿ ಸಾಗುವಾಗ ನೆಟ್ಟಗಿನ ಹೊರಮೈಯ ಹಿಂಭಾಗ ಆ ಕಮಾನಿನಿಂದ ಆಚೆಗೆ ಚಾಚಿ ಮರಕ್ಕೆ ತಿಕ್ಕುತ್ತದೆ; ಬಾಗಿದ ಹೊರಮೈ ಕಮಾನಿನ ಜೊತೆಗೇ ಹೋಗುತ್ತದೆ.

ಕಮ್ಮಾರರ ಬಳಿ ಹೋಗುವ ಮೊದಲು ದಪ್ಪ ರಟ್ಟಿನಲ್ಲಿ ಬಾಚಿಯ ಪಕ್ಕದ ನೋಟವನ್ನು ಕಾವಿನ ಸಮೇತ ಪೂರ್ತಿ ಅಳತೆಗೆ ಕತ್ತರಿಸಿಕೊಳ್ಳಿ. ಮೊಣಕೈ ಮಡಚಿ, ಅದನ್ನು ಹಿಡಿದು, ಕೂತು ಕೆಲಸ ಮಾಡುವ ಎತ್ತರದ ಹಲಗೆಯ ಮೇಲೆ ನಿಧಾನವಾಗಿ ಇಳಿಸಿ ನೋಡಿ. ಬಾಯಿ ತಾಗಿದಾಗ ಹೊರಮೈಯ ಕೆಳಗೆ ಸಣ್ಣ ಸಂದು ಕಾಣಬೇಕು. ನಿಮ್ಮ ಕೈ ಉದ್ದಕ್ಕೆ, ನೀವು ಕೂರುವ ಎತ್ತರಕ್ಕೆ ಏನು ಹೊಂದುತ್ತದೆ ಎಂಬುದನ್ನು ರಟ್ಟಿನಲ್ಲೇ ತಿದ್ದಿಕೊಂಡರೆ ಉಕ್ಕು ಉಳಿಯುತ್ತದೆ.

ಅಲಗು, ಬಾಯಿ, ಸುತ್ತಿಗೆ ಮುಖ

ಸಾಣೆಯ ಇಳಿಜಾರು ಒಳಮೈಗೆ ಮಾತ್ರ ಇರಲಿ, ಹೊರಮೈ ನುಣುಪಾಗಿರಲಿ. ಮರಿಗೆಯಂಥ ಆಳದ ಕೆಲಸವನ್ನಷ್ಟೇ ಮಾಡುವ ಬಾಚಿಗೆ ಇಳಿಜಾರನ್ನು ಹೊರಗೆ ಇಡುವುದುಂಟು. ಎಲ್ಲಕ್ಕೂ ಒಂದೇ ಬಾಚಿ ಎಂದಾದರೆ ಒಳಗೇ ಸರಿ. ಇಳಿಜಾರು 25ರಿಂದ 30 ಡಿಗ್ರಿ ಇರಬಹುದು. ಜಾಲಿ, ಹುಣಸೆಯಂಥ ಗಟ್ಟಿ ಮರ ಹೆಚ್ಚು ಕೆತ್ತುವವರು 30ರ ಕಡೆಗೆ ಇರಲಿ. ಬಾಯಿಯ ಅಗಲ 6 ಸೆಂ.ಮೀ. ಸಾಕು. ಅಗಲ ಹೆಚ್ಚಿದಷ್ಟೂ ಪ್ರತಿ ಏಟಿಗೆ ಬೇಕಾದ ಬಲ ಹೆಚ್ಚುತ್ತದೆ, ಗಿಡ್ಡ ಕಾವಿನ ಹತಾರದಲ್ಲಿ ಆ ಬಲ ಸಿಗುವುದಿಲ್ಲ. ಬಾಯಿ ಗೆರೆ ಎಳೆದಂತೆ ನೇರವಾಗಿರದೆ ನಡುವೆ ಒಂದೆರಡು ಮಿ.ಮೀ. ಉಬ್ಬಿರಲಿ, ಎರಡೂ ಮೂಲೆಗಳನ್ನು ಉರುಟು ಮಾಡಿ. ಮೂಲೆ ಚೂಪಾಗಿದ್ದರೆ ಪ್ರತಿ ಏಟೂ ಮರದ ಮೇಲೆ ಗೀರು ಬಿಡುತ್ತದೆ.

ಕಾವಿನ ಆಚೆ ಬದಿಗೆ ಮೂರು ನಾಲ್ಕು ಸೆಂ.ಮೀ. ಚಾಚಿದ ಚಪ್ಪಟೆ ಮುಖ ಸುತ್ತಿಗೆಯ ಕೆಲಸಕ್ಕೆ. ಇದಕ್ಕೆ ಇನ್ನೊಂದು ಉಪಯೋಗವೂ ಇದೆ: ಅಲಗಿನ ಭಾರಕ್ಕೆ ಎದುರು ಭಾರವಾಗಿ ನಿಂತು, ಬೀಸುವಾಗ ಬಾಚಿ ಕೈಯಲ್ಲಿ ತಿರುಚಿಕೊಳ್ಳದಂತೆ ತಡೆಯುತ್ತದೆ. ಈ ಜೋಡಣೆ ಹೊಸದಲ್ಲ. ಒಂದು ಕಡೆ ಬಾಚಿ, ಇನ್ನೊಂದು ಕಡೆ ಸುತ್ತಿಗೆ ಇರುವ ಗಿಡ್ಡ ಹತಾರ ರೋಮನ್ನರಲ್ಲೂ ಇತ್ತು. ಅದರ ಹೆಸರು ಆಸ್ಕಿಯ. ಇಂದಿನ ಫ್ರಾನ್ಸ್ ಭಾಗದ ರೋಮನ್ ಕಾಲದ ಸಮಾಧಿಕಲ್ಲುಗಳ ಮೇಲೆ ಅದರ ಚಿತ್ರ ಕೆತ್ತಿರುವುದು ಕಾಣುತ್ತದೆ. ಕೆಲವರು ಅಲಗಿನ ಅಂಚಿನಲ್ಲಿ ಮೊಳೆ ಕೀಳಲು ಸೀಳು ಕೂಡ ಬೇಕು ಎನ್ನುತ್ತಾರೆ. ನಾನು ಅದಕ್ಕೆ ವಿರುದ್ಧ. ಸೀಳಿನ ಚೂಪು ತುದಿಯಲ್ಲಿ ಒತ್ತಡ ಗುಂಪುಗೂಡುತ್ತದೆ. ಬಿರುಕು ಹುಟ್ಟುವುದು ಅಂಥಲ್ಲೇ. ಮೊಳೆ ಕೀಳಲು ಬೇರೆ ಸಾಮಾನು ಇಟ್ಟುಕೊಳ್ಳುವುದೇ ಮೇಲು.

ಕಬ್ಬಿಣದ ಒಟ್ಟು ತೂಕ 500ರಿಂದ 600 ಗ್ರಾಂ ಇದ್ದರೆ ಒಂದೇ ಕೈಯಲ್ಲಿ ಗಂಟೆಗಟ್ಟಲೆ ಬೀಸಬಹುದು.

ಉಕ್ಕಿನ ವಿಷಯಕ್ಕೆ ಬಂದರೆ, ಗುಜರಿ ಅಂಗಡಿಯಲ್ಲಿ ಸಿಗುವ ಲಾರಿಯ ಸ್ಪ್ರಿಂಗ್ ಪಟ್ಟಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಅದರಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 0.6ರಷ್ಟಿರುತ್ತದೆ. ಹರಿತ ನಿಲ್ಲಲು ಅಷ್ಟು ಸಾಕು, ಏಟಿಗೆ ಮುರಿಯದಷ್ಟು ಗಟ್ಟಿತನವೂ ಇರುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದನ್ನು ಉಜ್ಜಿ, ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ.

ಪಟ್ಟಿ ತೆಳ್ಳಗಿರುವುದರಿಂದ ಕಾವಿನ ತೂತಿಗೆ ಬೇಕಾದ ದಪ್ಪ ಅದರಲ್ಲಿ ಇರುವುದಿಲ್ಲ. ಪಳಗಿದ ಕಮ್ಮಾರರು ದಪ್ಪ ತುಂಡನ್ನೇ ಕಾಯಿಸಿ ತೂತು ಹೊಡೆಯುತ್ತಾರೆ, ಇಲ್ಲವೇ ಮಡಚಿ ಕುಲುಮೆಯಲ್ಲೇ ಬೆಸೆಯುತ್ತಾರೆ. ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಕಾವು ತೂರಿಸಲು ಕಬ್ಬಿಣದ ಬಳೆ ಬೆಸೆಸುವವರೂ ಇದ್ದಾರೆ. ಹಾಗೆ ಮಾಡಿಸುವುದಾದರೆ ಒಂದು ಎಚ್ಚರ: ಇಂಗಾಲ ಹೆಚ್ಚಿರುವ ಉಕ್ಕು ಬೆಸುಗೆಯ ಪಕ್ಕದಲ್ಲಿ ತಟ್ಟನೆ ತಣ್ಣಗಾದರೆ ಗಾಜಿನಂತೆ ಪೆಡಸಾಗುತ್ತದೆ. ಬೆಸೆಯುವ ಮೊದಲು ಇಡೀ ತುಂಡನ್ನು ಚೆನ್ನಾಗಿ ಬಿಸಿ ಮಾಡಿಸಿ, ಬೆಸೆದ ಮೇಲೆ ಬೂದಿಯಲ್ಲಿ ಹುಗಿದು ನಿಧಾನವಾಗಿ ತಣಿಯಲು ಬಿಡಿಸಿ. ಹದ ಹಾಕುವುದು ಆಮೇಲೆ.

ಹದಕ್ಕೆ ಬಾಯಿಯ ಕಡೆಯ ಎರಡು ಮೂರು ಸೆಂ.ಮೀ. ಮಾತ್ರ ಕೆಂಪಗೆ ಕಾಯಿಸಬೇಕು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಮೇಲೇರಿಸಿ ಬೆಚ್ಚಗಿನ ಅಡುಗೆ ಎಣ್ಣೆಯಲ್ಲಿ ಅದ್ದಬೇಕು. ಈ ಉಕ್ಕಿಗೆ ನೀರು ಬೇಡ, ಸೀಳುವ ಅಪಾಯವಿದೆ. ಅದ್ದಿ ತೆಗೆದ ಬಾಯಿ ಪೆಡಸಾಗಿರುತ್ತದೆ, ಹಾಗೇ ಬಳಸಿದರೆ ಚೂರಾಗಿ ಹಾರುತ್ತದೆ. ಹೊರಮೈಯನ್ನು ಹೊಳೆಯುವಂತೆ ಉಜ್ಜಿ, ತೂತಿನ ಕಡೆಯಿಂದ ಮೆಲ್ಲಗೆ ಕಾಯಿಸುತ್ತ ಬಣ್ಣ ಓಡುವುದನ್ನು ನೋಡಬೇಕು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಕಂದು ನೇರಳೆಗೆ ತಿರುಗುವ ಹೊತ್ತಿಗೆ, ಅಂದರೆ 260ರಿಂದ 280 ಡಿಗ್ರಿಯ ಸುಮಾರಿಗೆ, ಆ ಬಣ್ಣ ಬಾಯಿಯನ್ನು ಮುಟ್ಟಿದರೆ ಕೆಲಸ ಮುಗಿಯಿತು. ಸುತ್ತಿಗೆ ಮುಖಕ್ಕೆ ಹದ ಹಾಕಬಾರದು. ಮೊಳೆಯ ತಲೆಗೆ ಬಡಿಯುವ ಮುಖ ಮೆತ್ತಗಿದ್ದರೆ ಸ್ವಲ್ಪ ಜಜ್ಜುತ್ತದೆ ಅಷ್ಟೆ, ಪೆಡಸಾಗಿದ್ದರೆ ಚೂರು ಕಣ್ಣಿಗೆ ಬರುತ್ತದೆ.

ಕಾವು ಹಿಡಿದು ನಿಲ್ಲುವುದು ಹೇಗೆ

ಕಬ್ಬಿಣದಲ್ಲಿ ತೂತು ಮಾಡಲು ಬರುವ ಮೊದಲೂ ಮನುಷ್ಯ ಕಾವು ಹಾಕುತ್ತಿದ್ದ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಬೆಟ್ಟದ ಕರಿಕಲ್ಲಿನಿಂದ ಭಾರೀ ಪ್ರಮಾಣದಲ್ಲಿ ಕಲ್ಗೊಡಲಿ ತಯಾರಿಸುತ್ತಿದ್ದರು. ಅವುಗಳ ಮರದ ಕಾವು ಮಣ್ಣಲ್ಲಿ ಕರಗಿಹೋಗಿದೆ. ಆದರೆ 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯದಾದ ಓಟ್ಸಿ ಎಂಬ ಮನುಷ್ಯನ ದೇಹದ ಜೊತೆ ಇಡೀ ಕೊಡಲಿ ಕಾವಿನ ಸಮೇತ ಉಳಿದಿತ್ತು. ಸುಮಾರು 60 ಸೆಂ.ಮೀ. ಉದ್ದದ ಕಾವು, ಅದರ ತುದಿಯಲ್ಲಿ ಮೊಣಕೈಯಂತೆ ಮಡಿದ ಭಾಗ, ಅದರ ಸೀಳಿನಲ್ಲಿ ಕೂರಿಸಿದ ಒಂಬತ್ತೂವರೆ ಸೆಂ.ಮೀ. ತಾಮ್ರದ ಅಲಗು, ಮೇಲೆ ಮರದ ಅಂಟು ಮತ್ತು ತೊಗಲಿನ ಪಟ್ಟಿಯ ಸುತ್ತು. ಇಲ್ಲಿ ಗಮನಿಸಬೇಕಾದ್ದು ಆ ಮಡಿಕೆ. ಕೊಂಬೆ ಕವಲೊಡೆಯುವ ಜಾಗದಲ್ಲಿ ಮರದ ಎಳೆ ತಾನಾಗಿ ತಿರುಗಿರುತ್ತದೆ. ಕಾಂಡವನ್ನು ಅಲಗಿಗೂ ಕೊಂಬೆಯನ್ನು ಹಿಡಿಗೂ ಬಳಸಿದರೆ ಎಳೆ ಎಲ್ಲೂ ತುಂಡಾಗುವುದಿಲ್ಲ. ವಿದರ್ಭದ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಚಪ್ಪಟೆ ಕಬ್ಬಿಣದ ಕೊಡಲಿಗಳ ಮೇಲೆ ಒಂದರ ಮೇಲೊಂದು ಅಡ್ಡ ಹಾಯ್ದ ಕಬ್ಬಿಣದ ಪಟ್ಟಿಗಳಿವೆ. ತೊಗಲು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಕಬ್ಬಿಣವೇ ಮಾಡಿದೆ. ಇಂದಿಗೂ ಬೆಸುಗೆಯ ಗೊಡವೆ ಬೇಡ ಎನ್ನುವವರು ಅಗಲ ಉಳಿಯನ್ನು ಕವಲು ಕೊಂಬೆಗೆ ಬಿಗಿದು ಬಾಚಿ ಮಾಡಿಕೊಳ್ಳಬಹುದು. ಸುತ್ತಿಗೆ ಮುಖ ಮಾತ್ರ ಸಿಗುವುದಿಲ್ಲ.

ತೂತಿರುವ ಬಾಚಿಗೆ ಕಾವು ಹಾಕುವ ದಾರಿ ಎರಡು. ಮೊದಲನೆಯದು ಕೊಡಲಿಯದು: ಕೆಳಗಿನಿಂದ ತೂರಿಸಿ, ಮೇಲಿನ ತುದಿಯನ್ನು ಸೀಳಿ, ಬೆಣೆ ಹೊಡೆದು ಅಗಲಿಸುವುದು. ಎರಡನೆಯದು ಪಿಕಾಸಿಯದು: ಕಾವಿನ ಒಂದು ತುದಿ ದಪ್ಪ, ಅದನ್ನು ಮೇಲಿನಿಂದ ಇಳಿಬಿಟ್ಟರೆ ದಪ್ಪ ತುದಿ ತೂತಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಬೀಸಿದಷ್ಟೂ ಕಬ್ಬಿಣ ಹೊರಕ್ಕೆ ಎಳೆದು ತಾನೇ ಬಿಗಿಯಾಗುತ್ತದೆ. ಸಣ್ಣ ಬಾಚಿಗೆ ನನ್ನ ಮತ ಎರಡನೆಯದಕ್ಕೆ. ಸಾಣೆ ಹಿಡಿಯುವ ಇಳಿಜಾರು ಒಳಮೈಯಲ್ಲಿದೆ, ಅದರ ಎದುರಿಗೇ ಕಾವು ಅಡ್ಡ ನಿಂತಿದೆ. ಕಾವು ಬಿಚ್ಚಲು ಬರುವಂತಿದ್ದರೆ ಕಲ್ಲಿನ ಮೇಲೆ ಆರಾಮವಾಗಿ ಉಜ್ಜಬಹುದು. ಚೀಲದಲ್ಲೂ ಚಪ್ಪಟೆಯಾಗಿ ಕೂರುತ್ತದೆ. ಒಂದು ಕೊರತೆ ಇದೆ: ಕಾವಿನ ಹಿಡಿಯ ತುದಿ ತೂತಿನ ಮೂಲಕ ಹಾಯ್ದು ಬರಬೇಕಾದ್ದರಿಂದ, ಕೈ ಜಾರದಂತೆ ಅಲ್ಲಿ ಗುಬುಟು ಬಿಡಲು ಆಗುವುದಿಲ್ಲ. ಬದಲಿಗೆ ತುದಿಯನ್ನು ಕೆಳಕ್ಕೆ ಸಣ್ಣದಾಗಿ ಬಾಗಿಸಿ ಕೆತ್ತಬೇಕು.

ಇದಕ್ಕೆ ತೂತು ಮೇಲ್ಬದಿಯಲ್ಲಿ ಕೆಳಬದಿಗಿಂತ ಎರಡು ಮೂರು ಮಿ.ಮೀ. ಅಗಲವಾಗಿರಬೇಕು. ಕಮ್ಮಾರರಿಗೆ ಮೊದಲೇ ಹೇಳಿ. ಆಕಾರ ದುಂಡಗೆ ಬೇಡ, ಮೊಟ್ಟೆಯಾಕಾರ ಇರಲಿ. ದುಂಡು ತೂತಿನಲ್ಲಿ ಕಾವು ತಿರುಗುತ್ತದೆ. ಹಿಡಿಯೂ ಮೊಟ್ಟೆಯಾಕಾರವೇ ಆಗಿದ್ದರೆ ಬಾಯಿ ಯಾವ ಕಡೆಗಿದೆ ಎಂದು ಕಣ್ಣು ನೋಡುವ ಮೊದಲು ಅಂಗೈಗೆ ಗೊತ್ತಾಗುತ್ತದೆ.

ಮರ ಯಾವುದು? ಬಯಲುಸೀಮೆಯವರಿಗೆ ಹೊಲದ ಬದುವಿನ ಜಾಲಿ ಇದೆ. ಕಾಡಂಚಿನವರು ದಿಂಡಿಗವನ್ನೂ ತಡಸಲನ್ನೂ ಹಿಂದಿನಿಂದ ಹತಾರದ ಕಾವಿಗೆ ಬಳಸಿದ್ದಾರೆ. ತಡಸಲು ಬಾಗಿ ಹಿಂದಕ್ಕೆ ಬರುವ ಗುಣದ ಮರ, ಏಟಿನ ಅದುರು ಕೈಗೆ ಕಡಿಮೆ ಬರುತ್ತದೆ. ಇವೆಲ್ಲ ಸಿಗದ ಊರಿನವರು ಹಿತ್ತಲಿನ ಸೀಬೆ ಕೊಂಬೆಯಿಂದಲೂ ಒಳ್ಳೆಯ ಕಾವು ಮಾಡಬಹುದು. ತೇಗ ಬೇಡ. ಬಾಗಿಲಿಗೆ ಅದಕ್ಕಿಂತ ಒಳ್ಳೆಯ ಮರವಿಲ್ಲ, ಆದರೆ ಪದೇ ಪದೇ ಬೀಳುವ ಏಟು ಅದಕ್ಕೆ ಒಗ್ಗುವುದಿಲ್ಲ.

ಯಾವ ಮರವಾದರೂ ಗರಗಸದಿಂದ ಕೊಯ್ಯುವ ಬದಲು ಬೆಣೆ ಹಾಕಿ ಸೀಳಿ. ಗರಗಸ ಎಳೆಯನ್ನು ಲೆಕ್ಕಿಸದೆ ಹೋಗುತ್ತದೆ, ಸೀಳು ಎಳೆಯ ಜೊತೆಗೇ ಹೋಗುತ್ತದೆ. ಕಾವಿನ ಪಕ್ಕದಲ್ಲಿ ಎಳೆ ಹೊರಗೆ ಓಡಿಹೋಗಿದ್ದರೆ ಮುರಿಯುವ ಜಾಗ ಅದೇ. ತೋಳಿನ ಗಾತ್ರದ, ಗಂಟಿಲ್ಲದ ತುಂಡನ್ನು ನಾಲ್ಕಾಗಿ ಸೀಳಿ, ನಟ್ಟನಡುವಿನ ತಿರುಳು ಬಿಟ್ಟು ಚೇಗಿನ ಭಾಗ ಇಟ್ಟುಕೊಳ್ಳಿ. ಎರಡೂ ತುದಿಗೆ ಸಗಣಿಯನ್ನೋ ಬಣ್ಣವನ್ನೋ ಬಳಿದು ನೆರಳಿನಲ್ಲಿ ಒಣಗಿಸಿ. ತುದಿ ಬೇಗ ಒಣಗಿದರೆ ಸೀಳು ಬಿಡುತ್ತದೆ.

ತೂತಿಗೆ ಕೂರಿಸುವ ಕೆಲಸವೇ ಇಡೀ ಕೆಲಸದ ಹೃದಯ, ಇಲ್ಲಿ ಅವಸರ ಸಲ್ಲದು. ದೀಪದ ಮಸಿಯನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ ತೂತಿನ ಒಳಗೋಡೆಗೆ ಬೆರಳಿನಿಂದ ತೆಳ್ಳಗೆ ಸವರಿ. ಕಾವನ್ನು ಇಳಿಬಿಟ್ಟು, ದಪ್ಪ ತುದಿಗೆ ಮರದ ಕೊಡತಿಯಿಂದ ಒಂದೆರಡು ಏಟು ಹಾಕಿ, ಹಿಂದಕ್ಕೆ ಬಿಚ್ಚಿ. ಮಸಿ ಹತ್ತಿದ ಜಾಗವಷ್ಟೇ ಕಬ್ಬಿಣಕ್ಕೆ ತಾಗುತ್ತಿದೆ. ಮೊದಲ ಸಲ ಒಂದು ಮೂಲೆಯಲ್ಲೋ ಒಂದು ಏಣಿನ ಮೇಲೋ ಕಾಸಿನಗಲ ಕಪ್ಪು ಕಾಣುತ್ತದೆ. ಅದನ್ನು ಅರದಿಂದ ನಾಲ್ಕು ಸಲ ಉಜ್ಜಿ ಮತ್ತೆ ಕೂರಿಸಿ. ಕಪ್ಪು ಕಲೆಗಳು ಹೆಚ್ಚುತ್ತ, ಹರಡುತ್ತ, ಒಂದಕ್ಕೊಂದು ಸೇರಿ ಕೊನೆಗೆ ಕಾವಿನ ಸುತ್ತ ಪಟ್ಟಿಯಂತೆ ಬರುವವರೆಗೆ ಇದೇ ಕೆಲಸ. ಕೂತ ಮೇಲೆ ದಪ್ಪ ತುದಿ ಮೇಲಕ್ಕೆ ಐದಾರು ಮಿ.ಮೀ. ಉಳಿದಿರಲಿ. ಮರ ಸವೆದಂತೆ ಕಬ್ಬಿಣ ಮೇಲಕ್ಕೆ ಸರಿಯಲು ಆ ಜಾಗ ಬೇಕು.

ಕಮ್ಮಾರರು ಕೊಟ್ಟ ಕೋನ ಎರಡು ಮೂರು ಡಿಗ್ರಿ ತಪ್ಪಿದ್ದರೆ ತಿದ್ದುವುದೂ ಇಲ್ಲೇ. ತೂತಿನ ಆಳ 30 ಮಿ.ಮೀ. ಇದ್ದರೆ, ಕಾವಿನ ಬೆನ್ನಿನ ಕಡೆ ಒಂದು ತುದಿಯಿಂದ ಇನ್ನೊಂದಕ್ಕೆ 1 ಮಿ.ಮೀ. ಓರೆ ಕೆತ್ತಿದರೆ ಅಲಗು ಸುಮಾರು 2 ಡಿಗ್ರಿ ತಿರುಗುತ್ತದೆ. ಎದುರು ಬದಿಯಲ್ಲಿ ಅಷ್ಟೇ ಮರ ಉಳಿಸಿಕೊಂಡಿರಬೇಕು. ಅದಕ್ಕೇ ಶುರುವಿನಲ್ಲಿ ಕಾವನ್ನು ದಪ್ಪವಾಗಿಯೇ ಇಟ್ಟುಕೊಳ್ಳುವುದು ಜಾಣತನ.

ಬಾಚಿಯನ್ನು ತಲೆಕೆಳಗಾಗಿ ಹಿಡಿದು ಕಾವಿನ ದಪ್ಪ ತುದಿಯನ್ನು ದಿಮ್ಮಿಗೆ ಕುಟ್ಟಿದರೆ ಕಬ್ಬಿಣ ಬಿಗಿಯುತ್ತದೆ. ಹಿಡಿಯ ತುದಿಯನ್ನು ಕುಟ್ಟಿದರೆ ಸಡಿಲವಾಗಿ ಕೆಳಗಿಳಿಯುತ್ತದೆ. ಕೆಲಸ ಶುರು ಮಾಡುವಾಗ ಮೊದಲನೆಯದು, ಮುಗಿಸಿದಾಗ ಬೇಕಾದರೆ ಎರಡನೆಯದು.

ಕಾವು ಕೂರಿಸಲು ಒಳ್ಳೆಯ ಕಾಲ ಮಾರ್ಚ್, ಏಪ್ರಿಲ್. ಬೇಸಿಗೆಯಲ್ಲಿ ಮರ ಪೂರ್ತಿ ಒಣಗಿ ಕುಗ್ಗಿರುತ್ತದೆ. ಆಗ ಬಿಗಿಯಾಗಿ ಕೂತದ್ದು ಮಳೆಗಾಲದಲ್ಲಿ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಕೂರಿಸಿದ್ದು ಬೇಸಿಗೆಗೆ ಅಲ್ಲಾಡುತ್ತದೆ. ಅಲ್ಲಾಡಿದ ಕಾವನ್ನು ನೀರಿನ ಬಕೆಟ್ಟಿನಲ್ಲಿ ನೆನೆಹಾಕುವ ಅಭ್ಯಾಸ ಎಲ್ಲ ಕಡೆ ಇದೆ, ದಯವಿಟ್ಟು ಬಿಡಿ. ನೆನೆದ ಮರ ಉಬ್ಬುತ್ತದೆ ನಿಜ. ಆದರೆ ಕಬ್ಬಿಣದ ಬಳೆ ಜಾಗ ಕೊಡದ್ದರಿಂದ ಎಳೆಗಳು ಒಳಗೇ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಮರ ಮೊದಲಿಗಿಂತ ಚಿಕ್ಕದಾಗಿರುತ್ತದೆ. ನೀರಿನ ಬದಲು ಅಗಸೆ ಎಣ್ಣೆ ತೆಳ್ಳಗೆ ಸವರಿ ಒಣಗಲು ಬಿಡಿ. ವಾರ್ನಿಷ್ ಹಚ್ಚಿದರೆ ಅಂಗೈ ಬೊಬ್ಬೆ ಬರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಸುತ್ತಿಗೆ ಮುಖ ಬಳಸುವಾಗ ಹರಿತವಾದ ಬಾಯಿ ನಿಮ್ಮ ಕಡೆಗೇ ತಿರುಗಿರುತ್ತದೆ ಎಂಬುದು ನೆನಪಿರಲಿ. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಬಾಯಿಗೆ ತೊಡಿಸಿಕೊಂಡರೆ ಸಾಕು.

ಬಿಚ್ಚುವ ಕಾವಿನಿಂದ ಇನ್ನೊಂದು ಲಾಭವಿದೆ: ಒಂದೇ ಕಬ್ಬಿಣಕ್ಕೆ ಎರಡು ಕಾವು ಇಟ್ಟುಕೊಳ್ಳಬಹುದು. ಚಪ್ಪಟೆ ಕೆತ್ತನೆಗೆ 32 ಸೆಂ.ಮೀ. ಉದ್ದದ್ದು, ಮರಿಗೆ, ಸೌಟು ತೋಡಲು 22 ಸೆಂ.ಮೀ. ಗಿಡ್ಡದ್ದು. ಗಿಡ್ಡದರ ದಪ್ಪ ತುದಿಯಲ್ಲಿ ಒಂದು ಮಿ.ಮೀ. ಓರೆ ಕೆತ್ತಿ ಅಲಗನ್ನು ಎರಡು ಡಿಗ್ರಿ ಮುಚ್ಚಿಕೊಂಡರೆ ಆಳದ ಕೆಲಸದಲ್ಲಿ ಹೂತುಕೊಳ್ಳುವುದು ತಪ್ಪುತ್ತದೆ. ಎರಡಕ್ಕೂ ಬಾಯಿಯ ಕಡೆಯ ಮೈ ಯಾವುದೆಂದು ಉಳಿಯಿಂದ ಸಣ್ಣ ಗುರುತು ಹಾಕಿಡಿ. ಹಿಂದುಮುಂದಾಗಿ ಕೂರಿಸಿದರೆ ಕೋನ ಎರಡು ಡಿಗ್ರಿ ತೆರೆದುಕೊಳ್ಳುತ್ತದೆ, ಮುಚ್ಚುವುದಿಲ್ಲ.